ಸೊನ್ನೆ ಎಂದು ಬರೆದ ಮೂರು ವಾರ

ಆ ಅಜ್ಜಿಯ ಫೈಲಿನಲ್ಲಿ ಮೊದಲ ಮೂರು ವಾರವೂ ನೋವಿನ ಕಾಲಂನಲ್ಲಿ ಸೊನ್ನೆ ಇದೆ. ಬರೆದವಳು ನಾನೇ. ಪ್ರತಿ ಸೊನ್ನೆಯ ಪಕ್ಕದಲ್ಲೂ ನನ್ನ ಸಹಿ ಇದೆ.

ಪೊನ್ನಂಪೇಟೆಯಿಂದ ಹೊರಡುವ ನಮ್ಮ ತಂಡದಲ್ಲಿ ಮೂರೇ ಜನ. ಒಬ್ಬರು ಡಾಕ್ಟರ್, ಒಬ್ಬಳು ನರ್ಸ್ ಅಂದರೆ ನಾನು, ಮತ್ತೆ ಜೀಪಿನ ಡ್ರೈವರ್. ಆಸ್ಪತ್ರೆಯಲ್ಲಿ ಇನ್ನು ಮಾಡುವುದೇನೂ ಇಲ್ಲ ಎಂದು ಮನೆಗೆ ಕಳಿಸಿದ ಕ್ಯಾನ್ಸರ್ ರೋಗಿಗಳನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವುದು ನಮ್ಮ ಕೆಲಸ. ವಾರದ ಹೆಚ್ಚಿನ ದಿನ ನಾನೊಬ್ಬಳೇ ಹೋಗುತ್ತೇನೆ. ಡಾಕ್ಟರ್ ಹೊಸ ರೋಗಿಗಳನ್ನು ಒಮ್ಮೆ ನೋಡುತ್ತಾರೆ, ಆಮೇಲೆ ಶನಿವಾರ ಎಲ್ಲ ಫೈಲು ತೆಗೆದು ಕೂರುತ್ತಾರೆ.

ಅಜ್ಜಿ ಇದ್ದದ್ದು ಪಾಲಿಬೆಟ್ಟದ ಹತ್ತಿರ ಒಂದು ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ. ಉದ್ದಕ್ಕೆ ಕಟ್ಟಿದ ಎಂಟು ಮನೆ, ನಡುವೆ ಒಂದೊಂದೇ ಗೋಡೆ. ಮದುವೆಯಾಗಿ ಪಿರಿಯಾಪಟ್ಟಣದ ಕಡೆಯಿಂದ ಬಂದವರು ಆ ಮನೆಯಲ್ಲೇ ಮುದುಕಿಯಾದರು. ವಯಸ್ಸು ಎಪ್ಪತ್ತು ದಾಟಿತ್ತು. ನಾಲ್ಕು ವರ್ಷದ ಹಿಂದೆ ಮೈಸೂರಿನಲ್ಲಿ ಎಡಗಡೆ ಸ್ತನ ತೆಗೆದಿದ್ದರು. ಈಗ ಅದೇ ಕಾಯಿಲೆ ಎಡ ಸೊಂಟದ ಮೂಳೆಗೂ ಪಕ್ಕೆಲುಬಿಗೂ ಇಳಿದಿತ್ತು. ನೋಡಿಕೊಳ್ಳುತ್ತಿದ್ದವಳು ಮಗಳು. ನಲವತ್ತರ ಆಸುಪಾಸು, ಅದೇ ಎಸ್ಟೇಟಿನಲ್ಲಿ ಕೆಲಸ. ಅವಳ ಗಂಡ ಮಾಕುಟ್ಟ ದಾಟಿ ಕೇರಳಕ್ಕೆ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು.

ನಾನು ಹೋಗುತ್ತಿದ್ದದ್ದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಕಾಫಿ ಹಣ್ಣು ಕೀಳುವ ಪಿಕ್ಕಿಂಗ್ ಜೋರಾಗಿದ್ದ ಸಮಯ, ಲೈನೆಲ್ಲ ಖಾಲಿ. ಮಗಳು ಹಾಜರಿ ಬರೆಯುವ ರೈಟರಿಗೆ ಹೇಳಿ ಒಂದು ಗಂಟೆ ಬಿಡುವು ಮಾಡಿಕೊಂಡು ತೋಟದಿಂದ ಬರುತ್ತಿದ್ದಳು. ಅಜ್ಜಿ ಗೋಡೆಗೆ ಮುಖ ಮಾಡಿ ಬಲಮಗ್ಗುಲಲ್ಲಿ ಮಲಗಿರುತ್ತಿದ್ದರು. ಮೈ ಒರೆಸಿ, ತಲೆ ಬಾಚಿ, ಸೀರೆ ಸರಿಮಾಡಿ ಆಗಿರುತ್ತಿತ್ತು. ನಾನು ಬಿ.ಪಿ. ನೋಡಿ, ನಾಡಿ ನೋಡಿ, ನಮ್ಮ ಪದ್ಧತಿಯ ಪ್ರಶ್ನೆ ಕೇಳುತ್ತಿದ್ದೆ.

"ಅಜ್ಜಿ, ನೋವು ಇದೆಯಾ? ಸೊನ್ನೆಯಿಂದ ಹತ್ತರವರೆಗೆ ಎಷ್ಟು ಹೇಳ್ತೀರಿ?"

"ನೋವಾ? ಇಲ್ಲ ಕಣವ್ವ."

ಅಂಕಿ ಗೊತ್ತಾಗದವರಿಗೆ ತೋರಿಸಲು ನಮ್ಮ ಹತ್ತಿರ ಮುಖಗಳ ಚಿತ್ರವಿರುವ ಕಾರ್ಡ್ ಇದೆ. ಒಂದು ತುದಿಯಲ್ಲಿ ನಗುವ ಮುಖ, ಇನ್ನೊಂದು ತುದಿಯಲ್ಲಿ ಅಳುವ ಮುಖ. ಅದನ್ನೂ ಹಿಡಿದೆ. ಅಜ್ಜಿ ಕುತ್ತಿಗೆ ಮಾತ್ರ ಹೊರಳಿಸಿ ನೋಡಿ ನಗುವ ಮುಖದ ಮೇಲೆ ಬೆರಳಿಟ್ಟರು. ಮೂರು ಮಂಗಳವಾರವೂ ಅದನ್ನೇ ಮುಟ್ಟಿದರು. ಅವರು ಬರೆಸಿದ್ದನ್ನು ನಾನು ಬರೆದೆ. ಪ್ಯಾರಾಸಿಟಮಾಲ್ ಮುಂದುವರಿಯಿತು.

ಮೂರನೇ ವಾರ ಬಲಸೊಂಟದ ಮೇಲೆ ಅಂಗೈಯಗಲ ಕೆಂಪು ಕಂಡಿತು. ಬೆರಳಿಂದ ಒತ್ತಿದರೂ ಬಣ್ಣ ಬಿಳಿಚಿಕೊಳ್ಳಲಿಲ್ಲ. ಹುಣ್ಣಾಗುವ ಮೊದಲ ಗುರುತು ಅದು. ಒಂದೇ ಮಗ್ಗುಲಲ್ಲಿ ಬಿದ್ದುಕೊಂಡರೆ ಆಗುವುದೇ ಹಾಗೆ.

"ಎರಡು ಗಂಟೆಗೊಂದು ಸಲ ಮಗ್ಗುಲು ಬದಲಿಸಬೇಕು ಅಂತ ಹೇಳಿದ್ದೆನಲ್ಲ," ಎಂದೆ ಮಗಳಿಗೆ. ನನ್ನ ದನಿ ಸ್ವಲ್ಪ ಏರಿತ್ತು.

"ಬಿಡಾಕಿಲ್ಲ ಸಿಸ್ಟರ್. ಮುಟ್ಟಿದ್ರೆ ಬೈತಾಳೆ. ಸ್ನಾನ ಬೇಡ ಅಂತಾಳೆ, ಊಟ ಬೇಡ ಅಂತಾಳೆ. ವಯಸ್ಸಾದ ಮೇಲೆ ಹಟ ಜಾಸ್ತಿ ಆಯ್ತು."

ನಾನು ಫೈಲಿನಲ್ಲಿ "ರೋಗಿ ಸಹಕರಿಸುತ್ತಿಲ್ಲ" ಎಂದು ಬರೆದೆ.

ಶನಿವಾರ ಡಾಕ್ಟರ್ ಆ ಹಾಳೆ ನೋಡಿದರು. ಬೈಯುವ ಸ್ವಭಾವ ಅವರದ್ದಲ್ಲ. ಕೇಳಿದ್ದು ಇಷ್ಟೇ: "ನೋವು ಸೊನ್ನೆ ಇರುವವರು ಮಗ್ಗುಲು ಬದಲಿಸೋದಕ್ಕೆ ಯಾಕೆ ಒಪ್ಪಲ್ಲ?"

ಮಾತು ಹೋದವರಿಗೆ, ಮರೆವಿನ ಕಾಯಿಲೆ ಇದ್ದವರಿಗೆ ನಾವು ಬಳಸುವ ಇನ್ನೊಂದು ಹಾಳೆ ಇದೆ. ಅದರಲ್ಲಿ ಪ್ರಶ್ನೆ ಕೇಳುವುದಿಲ್ಲ, ನೋಡುತ್ತೇವೆ. ಹಣೆ ಗಂಟಿಕ್ಕಿದೆಯೇ, ಉಸಿರು ಹಿಡಿಯುತ್ತಾರೆಯೇ, ನರಳುತ್ತಾರೆಯೇ, ಕೈ ಬಿಗಿಯಾಗುತ್ತದೆಯೇ, ಸಮಾಧಾನ ಮಾಡಿದರೆ ಸಡಿಲವಾಗುತ್ತಾರೆಯೇ ಎಂದು ಗುರುತು ಹಾಕುತ್ತೇವೆ. ಈ ಅಜ್ಜಿಗೆ ಮಾತು ಚೆನ್ನಾಗಿತ್ತು, ಬುದ್ಧಿ ಚುರುಕಾಗಿತ್ತು, ಕಿವಿಯೂ ಕೇಳುತ್ತಿತ್ತು. ಹಾಗಾಗಿ ಆ ಹಾಳೆಯನ್ನು ನಾನು ಚೀಲದಿಂದ ಹೊರಗೇ ತೆಗೆದಿರಲಿಲ್ಲ.

ಮುಂದಿನ ಮಂಗಳವಾರ ಜೀಪಿನ ಹತ್ತಿರ ಪಕ್ಕದ ಮನೆಯ ಹೆಂಗಸು ನನ್ನನ್ನು ತಡೆದರು. ಅವರೂ ಕೆಲಸ ಬಿಟ್ಟ ಮುದುಕಿಯೇ. ಮನೆಮಾತು ಮಲಯಾಳ, ನಮ್ಮ ಜೊತೆ ಕನ್ನಡ.

"ಸಿಸ್ಟರೇ, ನೀವು ಬರುವ ಟೈಮಿಗೆ ಅಜ್ಜಿ ಕಲ್ಲಿನ ಹಾಗೆ ಇರ್ತದೆ. ಬೆಳಿಗ್ಗೆ ಬಂದು ನೋಡಿ. ಗೋಡೆ ಈಚೆಗೆ ನಮಗೆ ಎಲ್ಲ ಕೇಳ್ತದೆ."

"ಏನು ಕೇಳ್ತದೆ?"

"ಬಾಯಲ್ಲಿ ಬಟ್ಟೆ ಕಚ್ಚಿ ಅಳುವ ಹಾಗೆ."

ಮಗಳು ಕೆಲಸಕ್ಕೆ ಹೋಗುವ ಮೊದಲು, ಏಳು ಗಂಟೆಗೆ, ಅಜ್ಜಿಯನ್ನು ಎಬ್ಬಿಸುತ್ತಾಳೆ. ನಾನು ಆ ಹೊತ್ತಿಗೆ ಅಲ್ಲಿರಬೇಕಿತ್ತು. ಅವತ್ತು ನೋವಿನ ಕಾಲಂ ಖಾಲಿ ಬಿಟ್ಟು, ಡ್ರೈವರಿಗೆ ಹೇಳಿದೆ. "ಬೇಡ ಸಿಸ್ಟರ್, ಆ ಹೊತ್ತಲ್ಲಿ ಆ ರಸ್ತೆಯಲ್ಲಿ ಆನೆ ಇರ್ತದೆ," ಅಂದರು. ಅದು ನಿಜವೇ. ಆದರೂ ಗುರುವಾರ ಬೆಳಿಗ್ಗೆ ಬಂದರು. ದಾರಿಯಲ್ಲಿ ಒಂದು ಕಡೆ ಬಿಸಿ ಲದ್ದಿ ಕಂಡು ಹತ್ತು ನಿಮಿಷ ಇಂಜಿನ್ ಆರಿಸಿ ಕೂತೆವು. ಏನೂ ಅಲುಗಲಿಲ್ಲ. ಮೆಲ್ಲಗೆ ಮುಂದೆ ಹೋದೆವು.

ಚೀಲವನ್ನು ಜೀಪಿನಲ್ಲೇ ಬಿಟ್ಟೆ. ಒಲೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತೆ. ಮಗಳಿಗೆ ಮೊದಲೇ ಹೇಳಿದ್ದೆ, ನಾನಿಲ್ಲ ಅಂದುಕೊಂಡು ದಿನಾ ಮಾಡುವ ಹಾಗೆ ಮಾಡು ಅಂತ. ಅವಳು ಅಜ್ಜಿಯ ಹೆಗಲ ಕೆಳಗೆ ಕೈ ಹಾಕಿದಳು. ಅಷ್ಟಕ್ಕೇ ಅಜ್ಜಿಯ ಉಸಿರು ನಿಂತಿತು. ಎಬ್ಬಿಸಿ ಕೂರಿಸುವವರೆಗೂ ಅವರು ಉಸಿರು ಬಿಡಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಬಾಯಲ್ಲಿ ಸೆರಗು. ಒಂದು ಕೈ ಮಂಚದ ಅಂಚನ್ನು ಹಿಡಿದಿತ್ತು, ಇನ್ನೊಂದು ಮಗಳ ಮಣಿಕಟ್ಟನ್ನು. ಎಡಗಾಲು ನೆಲಕ್ಕೆ ತಾಗಿದಾಗ ಸೆರಗಿನೊಳಗಿಂದ ಒಂದು ಸದ್ದು ಬಂತು. ಅದನ್ನು ನಾನಿಲ್ಲಿ ಬರೆಯಲಾರೆ. ಮಗಳು ಆ ಕಡೆ ನೋಡಲೇ ಇಲ್ಲ. ನೋಡಿದರೆ ಕೆಲಸ ಮುಂದೆ ಸಾಗುವುದಿಲ್ಲ ಎಂದು ಅವಳು ಎಂದೋ ಕಲಿತಿದ್ದಳು. ಅವಳ ಮಣಿಕಟ್ಟಿನಲ್ಲಿ ಉಗುರಿನ ಗುರುತುಗಳು ಸಾಲಾಗಿ ಇದ್ದವು, ಹೊಸವೂ ಹಳೆಯವೂ.

ನಾನು ಉಸಿರು ಎಣಿಸಿದೆ. ಕೂತ ಮೇಲೆ ನಿಮಿಷಕ್ಕೆ ಮೂವತ್ತೆರಡು. ಮತ್ತೆ ಮಲಗಿಸಿ ಹದಿನೈದು ನಿಮಿಷವಾದ ಮೇಲೆ ಇಪ್ಪತ್ತು. ಆ ಹದಿನೈದು ನಿಮಿಷ ಅಜ್ಜಿಯ ಹಣೆಯ ಬೆವರು ಆರಲಿಲ್ಲ.

ಮಗಳು ನೀರು ತರಲು ಹೊರಗೆ ಹೋದಾಗ ನಾನು ಮಂಚದ ಹತ್ತಿರ ಕೂತೆ. ಈ ಸಲ ನೋವು ಎನ್ನುವ ಮಾತನ್ನೇ ಎತ್ತಲಿಲ್ಲ.

"ಅಜ್ಜಿ, ಎಬ್ಬಿಸುವಾಗ ಸೊಂಟದಲ್ಲಿ ಏನಾಯ್ತು?"

ಅವರು ನನ್ನನ್ನು ನೋಡಿದರು. ಸಿಕ್ಕಿಬಿದ್ದವರ ನೋಟ ಅದು.

"ಸೆಳೀತದೆ. ಕಾಲ್ಗಂಟ ಉರಿ ಇಳೀತದೆ. ಮೂಳೆ ಒಳಗೆ ಯಾರೋ ಹಾರೆ ಹಾಕಿ ಮೀಟ್ದಂಗೆ."

"ದಿನಾ?"

"ದಿನಾ. ರಾತ್ರಿನೂ. ಮೂರು ತಿಂಗ್ಳಾಯ್ತು."

"ಮತ್ತೆ ಯಾಕೆ ಇಲ್ಲ ಅಂತಿದ್ರಿ?"

ಹೊರಗೆ ಕೊಡದ ಸದ್ದು ಕೇಳಿತು. ಅಜ್ಜಿ ದನಿ ತಗ್ಗಿಸಿದರು.

"ಅದೆ ಅಂದ್ರೆ ನೀನು ಕೊನೇ ಸೂಜಿ ಹಾಕ್ತೀಯ. ನಮ್ಮ ಯಜಮಾನ್ರಿಗೂ ಇದೇ ಕಾಯಿಲೆ, ಗಂಟಲಲ್ಲಿ. ಆಸ್ಪತ್ರೇಲಿ ತಡೀಲಾರ್ದೆ ಕೂಗ್ತಿದ್ರು. ನೋವಿಗೆ ಅಂತ ಸೂಜಿ ಹಾಕುದ್ರು. ಸಂಜೆ ಒಳಗೆ ಹೋಗ್ಬುಟ್ರು. ನಂಗೆ ಮಗಳನ್ನ ಬಿಟ್ಟು ಈಗ್ಲೇ ಹೋಗಾಕೆ ಮನಸಿಲ್ಲ ಕಣವ್ವ. ನೀನು ಅವಳಿಗೆ ಹೇಳ್ಬೇಡ."

ಜೀಪಿನಲ್ಲಿ ಕೂತು ಹಾಳೆ ತುಂಬಿಸಿದೆ. ಸುಮ್ಮನೆ ಮಲಗಿದ್ದಾಗ ನಾಲ್ಕು, ಅಲುಗಿದಾಗ ಒಂಬತ್ತು. ಹಿಂದಿನ ಮೂರು ಸೊನ್ನೆಗಳನ್ನು ಹೊಡೆದುಹಾಕಬೇಕೆನಿಸಿತು. ದಾಖಲೆ ತಿದ್ದುವಂತಿಲ್ಲ. ಕೆಳಗೆ "ಹಿಂದಿನ ಮೌಲ್ಯಮಾಪನ ತಪ್ಪು" ಎಂದು ಬರೆದು ಸಹಿ ಹಾಕಿದೆ.

ಡಾಕ್ಟರ್ ಮಾರನೆಯ ದಿನವೇ ಬಂದು ನೋಡಿದರು. ಮೂಳೆಯ ನೋವಿಗೆ ಮೈಸೂರಿನಲ್ಲಿ ಒಂದೇ ಒಂದು ಸಲ ಕರೆಂಟ್, ಅಂದರೆ ರೇಡಿಯೇಷನ್, ಇಡಿಸಿದರೂ ಅನುಕೂಲ ಆಗುತ್ತದೆ ಎಂದು ವಿವರಿಸಿದರು. ಅಷ್ಟು ದೂರ ಜೀಪಿನಲ್ಲಿ ಬರುವುದಿಲ್ಲ ಎಂದು ಅಜ್ಜಿ ಖಡಾಖಂಡಿತ ಹೇಳಿದರು. ಇನ್ನು ಉಳಿದದ್ದು ಮಾರ್ಫಿನ್. ವಯಸ್ಸು, ರಕ್ತಪರೀಕ್ಷೆಯಲ್ಲಿ ಕಂಡ ಕಿಡ್ನಿಯ ಸ್ಥಿತಿ, ಎರಡನ್ನೂ ನೋಡಿ ಅರ್ಧ ಮಾತ್ರೆಯಿಂದ ಶುರು ಮಾಡೋಣ ಎಂದರು. ಜೊತೆಗೆ ವಾಂತಿಗೆ ಒಂದು ಮಾತ್ರೆ, ಮಲಬದ್ಧತೆಗೆ ಒಂದು.

ವಾಪಸು ಬರುವಾಗ ಡ್ರೈವರ್ ಹೇಳಿದರು: "ಶಕ್ತಿ ಮಾತ್ರೆ ಅಂತ ಹೇಳಿ ಕೊಟ್ಟುಬಿಡಿ ಸಿಸ್ಟರ್. ಪಾಪ, ನೋವು ಹೋದರೆ ಸಾಕಲ್ಲ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ನನಗೂ ಆಸೆಯಾಯಿತು. ಹಾಗೆ ಕೊಟ್ಟವರನ್ನು ನಾನು ನೋಡಿದ್ದೇನೆ. ಗಂಜಿಯಲ್ಲಿ ಪುಡಿಮಾಡಿ ಹಾಕಿ ಕೊಟ್ಟ ಮನೆಗಳೂ ಉಂಟು. ಮಗಳಿಗೆ ಹೇಳಿದರೆ ಅವಳೂ ಒಪ್ಪುತ್ತಿದ್ದಳೋ ಏನೋ. ಆದರೆ ಅಜ್ಜಿ ಮೂರು ತಿಂಗಳು ಬಟ್ಟೆ ಕಚ್ಚಿಕೊಂಡು ಕಾಪಾಡಿಕೊಂಡಿದ್ದು ಒಂದೇ, ಯಾವ ಔಷಧಿ ತನ್ನ ಮೈಗೆ ಹೋಗಬೇಕು ಎನ್ನುವುದನ್ನು. ಅದನ್ನು ಕಳ್ಳತನದಿಂದ ಕಸಿದುಕೊಂಡರೆ ಆಮೇಲೆ ನನ್ನ ಯಾವ ಪ್ರಶ್ನೆಗೂ ಅವರು ನಿಜ ಹೇಳಬೇಕಾದ ಅಗತ್ಯ ಇರಲಿಲ್ಲ. ಹೆಸರು ಹೇಳಿಯೇ ಕೊಡುತ್ತೇನೆ ಎಂದು ಡಾಕ್ಟರಿಗೆ ಹೇಳಿದೆ. "ಬೇಡ ಅಂದರೆ?" ಎಂದು ಕೇಳಿದರು. "ಬೇಡ ಅಂದರೆ ಬೇಡ," ಎಂದೆ. ಹೇಳುವಾಗ ಅಷ್ಟು ಧೈರ್ಯವೇನೂ ಇರಲಿಲ್ಲ.

ಶನಿವಾರ ಮಗಳನ್ನೂ ಕೂರಿಸಿಕೊಂಡು ಮಾತ್ರೆ ಅಜ್ಜಿಯ ಅಂಗೈ ಮೇಲಿಟ್ಟೆ. ಮಗಳ ಎದುರು ಮಾತಾಡಲು ಅಜ್ಜಿಯ ಒಪ್ಪಿಗೆ ಮೊದಲೇ ಕೇಳಿದ್ದೆ. ತಲೆಯಾಡಿಸಿದ್ದರು.

"ಇದು ಮಾರ್ಫಿನ್ ಅಜ್ಜಿ. ಬಹುಶಃ ಯಜಮಾನರಿಗೆ ಕೊಟ್ಟಿದ್ದೂ ಇದೇ ಜಾತಿಯ ಔಷಧಿ."

ಮಗಳು ತಟ್ಟನೆ ನನ್ನ ಕಡೆ ನೋಡಿದಳು. ಅಜ್ಜಿ ಮಾತ್ರೆಯನ್ನೇ ನೋಡುತ್ತಿದ್ದರು.

"ಇದು ತಗಂಡ್ರೆ ಸಾಯ್ತೀನಾ?"

"ಕಾಯಿಲೆಯಿಂದ ಸಾಯ್ತೀರಿ ಅಜ್ಜಿ. ಈ ಮಾತ್ರೆಯಿಂದ ಅಲ್ಲ. ಕಾಯಿಲೆ ನಿಲ್ಲಿಸೋದಕ್ಕೆ ನಮ್ಮ ಕೈಲಿ ಆಗಲ್ಲ. ನೋವು ತಗ್ಗಿಸೋದಕ್ಕೆ ಆಗ್ತದೆ. ಸಣ್ಣ ಪ್ರಮಾಣದಲ್ಲಿ ಶುರು ಮಾಡ್ತೇವೆ, ದಿನಾ ನೋಡ್ತೇವೆ."

ಯಾವ ರೋಗಿಗೂ ನಾನು ಅಷ್ಟು ನೇರವಾಗಿ ಹೇಳಿರಲಿಲ್ಲ. ಒಲೆಯ ಮೇಲೆ ಅನ್ನ ಉಕ್ಕಿ ಸುರಿಯಿತು, ಯಾರೂ ಏಳಲಿಲ್ಲ. ಅಜ್ಜಿ ಮಾತ್ರೆಯನ್ನು ಅಂಗೈಯಲ್ಲಿ ಹೊರಳಿಸಿ ಹೇಳಿದರು: "ಬೇಡ ಅಂದ ದಿನ ನಿಲ್ಲುಸ್ಬೇಕು."

"ನಿಲ್ಲಿಸ್ತೀನಿ."

ಮಗಳು ನೀರು ಕೊಟ್ಟಳು. ಅಜ್ಜಿ ಅರ್ಧ ಮಾತ್ರೆ ನುಂಗಿದರು.

ನಾಲ್ಕು ಗಂಟೆಗೊಮ್ಮೆ ಎಂದು ಲೆಕ್ಕ. ಮಗಳಿಗೆ ಒಂದು ನೋಟ್ ಪುಸ್ತಕ ಕೊಟ್ಟು ಗೆರೆ ಹಾಕಿಕೊಟ್ಟೆ. ಹಗಲಿನ ಎರಡು ಹೊತ್ತು ತಾನು ಕೊಡುತ್ತೇನೆ ಎಂದು ಪಕ್ಕದ ಮನೆಯವರು ಒಪ್ಪಿಕೊಂಡರು. ಭಾನುವಾರ ನಾನು ಫೋನ್ ಮಾಡಿದಾಗ ಎಲ್ಲ ಸರಿಯಿದೆ ಎಂದು ಮಗಳು ಹೇಳಿದಳು. ಸೋಮವಾರ ಮಧ್ಯಾಹ್ನ ಮಗಳೇ ಫೋನ್ ಮಾಡಿದಳು.

"ಅವ್ವ ಏಳ್ತಿಲ್ಲ ಸಿಸ್ಟರ್. ಬೆಳಿಗ್ಗೆ ಎರಡು ಸಲ ವಾಂತಿ ಮಾಡಿದ್ಲು. ಈಗ ಕೂಗಿದ್ರೆ ಹೂಂ ಅಂತಾಳೆ, ಮತ್ತೆ ಕಣ್ಣು ಮುಚ್ಕತಾಳೆ."

ಮುಂದಿನ ಹೊತ್ತಿನ ಮಾತ್ರೆ ಕೊಡಬೇಡ ಎಂದು ಹೇಳಿ ಹೊರಟೆ. ದಾರಿಯುದ್ದಕ್ಕೂ ನಾನು ಕೊಟ್ಟ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಈ ಮಾತ್ರೆಯಿಂದ ಅಲ್ಲ ಎಂದಿದ್ದೆನಲ್ಲ.

ಹೋಗಿ ನೋಡಿದೆ. ಉಸಿರು ನಿಮಿಷಕ್ಕೆ ಹದಿನಾಲ್ಕು, ಒಂದೇ ಸಮನೆ. ತುಟಿಯ ಬಣ್ಣ ಸರಿಯಿತ್ತು. ಹೆಸರು ಹಿಡಿದು ಕರೆದರೆ ಕಣ್ಣು ಬಿಟ್ಟು ನೋಡುತ್ತಿದ್ದರು. ಮಾರ್ಫಿನ್ ಹೆಚ್ಚಾದರೆ ಕುಗ್ಗುವ ಕಣ್ಣುಪಾಪೆ ತೀರಾ ಚಿಕ್ಕದಾಗಿರಲಿಲ್ಲ. ವಾಂತಿಯ ಮಾತ್ರೆಯ ಸ್ಟ್ರಿಪ್ ಒಡೆಯದೆ ಹಾಗೇ ಇತ್ತು. ಅಷ್ಟೊಂದು ಮಾತ್ರೆ ಮುದುಕಿಗೆ ತಡೆಯಲ್ಲ ಎಂದು ಮಗಳು ಅದನ್ನು ಕೊಟ್ಟೇ ಇರಲಿಲ್ಲ. ತಪ್ಪು ಅವಳದ್ದಲ್ಲ, ಯಾವ ಮಾತ್ರೆ ಯಾಕೆ ಎಂದು ನಾನು ಸರಿಯಾಗಿ ತಿಳಿಸಿರಲಿಲ್ಲ. ಡಾಕ್ಟರಿಗೆ ಫೋನಿನಲ್ಲಿ ಎಲ್ಲ ಅಂಕಿ ಹೇಳಿದೆ. "ಮೂರು ತಿಂಗಳ ನಿದ್ದೆ ಬಾಕಿ ಇದೆ, ಅದೂ ಇರಬಹುದು. ಕಿಡ್ನಿ ಔಷಧಿಯನ್ನು ನಿಧಾನವಾಗಿ ಹೊರಹಾಕ್ತಿರಲೂಬಹುದು. ಇವತ್ತು ಒಂದು ಹೊತ್ತು ಬಿಡಿ, ಆಮೇಲೆ ಆರು ಗಂಟೆಗೊಮ್ಮೆ ಮಾಡೋಣ. ಉಸಿರು ಹತ್ತಕ್ಕಿಂತ ಇಳಿದರೆ ತಕ್ಷಣ ಹೇಳಿ. ನೀವು ಅಲ್ಲೇ ಇರ್ತೀರಾ?" ಎಂದರು.

ಇರುತ್ತೇನೆ ಎಂದೆ. ಉಳಿದ ಎರಡು ಮನೆಗೆ ಫೋನ್ ಮಾಡಿ ನಾಳೆ ಬರುತ್ತೇನೆಂದು ಹೇಳಿದೆ.

ಮಗಳು ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದಳು. "ನಿಲ್ಸಿ ಸಿಸ್ಟರ್, ಬೇಡ ಇದು," ಅಂದಳು. ಮಾತ್ರೆಯ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. ಬರೀ ಹೆದರಿಕೆಯಲ್ಲ, ಇನ್ನೂ ಏನೋ ಇದೆ ಅನ್ನಿಸಿತು. ಪಕ್ಕ ಕೂತೆ.

"ಅಪ್ಪಂಗೆ ಸೂಜಿ ಹಾಕ್ಸಿ ಅಂತ ಓಡಿಹೋಗಿ ನರ್ಸ್ ಕೈ ಹಿಡಿದವಳು ನಾನೇ," ಅಂದಳು. "ಆಗ ನಂಗೆ ಹದಿನೇಳು. ಅವರು ಕೂಗೋದು ಕೇಳಕ್ಕೆ ಆಗ್ತಿರ್ಲಿಲ್ಲ. ಅವ್ವ ಕಾಫಿ ತರಕ್ಕೆ ಹೋಗಿದ್ಲು. ಬರೋ ಹೊತ್ತಿಗೆ ಸೂಜಿ ಹಾಕಿದ್ರು. ಸಂಜೆಗೆ ಹೋದ್ರು. ನಾನೇ ಹೇಳಿ ಹಾಕ್ಸಿದ್ದು ಅಂತ ಅವ್ವಂಗೆ ಇವತ್ತಿಗೂ ಹೇಳಿಲ್ಲ. ಅದಕ್ಕೇ ಅವ್ವನ ನೋವು ಗೊತ್ತಿದ್ರೂ ನಿಮ್ಗೆ ಹೇಳ್ಲಿಲ್ಲ. ಈಗ ಇವಳಿಗೂ ನಾನೇ ಕೈಯಾರೆ ಕೊಟ್ಟೆ."

ಅವಳ ಅಪ್ಪ ಯಾಕೆ ಹೋದರು ಎಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. "ಆ ಸ್ಥಿತಿಯಲ್ಲಿ ಇದ್ದವರು ಸೂಜಿ ಹಾಕದಿದ್ದರೂ ಹೆಚ್ಚು ದಿನ ಇರ್ತಿರಲಿಲ್ಲ ಅನ್ನಿಸ್ತದೆ. ಆದರೆ ನಾನು ಅಲ್ಲಿರಲಿಲ್ಲ," ಎಂದೆ. ಅವಳು ಅತ್ತಳು. ಆಮೇಲೆ ಅವಳಿಗೆ ಉಸಿರು ಎಣಿಸುವುದು ಕಲಿಸಿದೆ. ಗಡಿಯಾರ ನೋಡುತ್ತ, ಹೊಟ್ಟೆಯ ಮೇಲೆ ಹಗುರವಾಗಿ ಕೈಯಿಟ್ಟು, ಒಂದು ಪೂರ್ತಿ ನಿಮಿಷ. ಅರ್ಧ ಗಂಟೆಗೊಮ್ಮೆ ಇಬ್ಬರೂ ಎಣಿಸಿದೆವು. ಹದಿನಾಲ್ಕು, ಹದಿನಾಲ್ಕು, ಹದಿನೈದು. ಅವಳು ಪುಸ್ತಕದಲ್ಲಿ ಬರೆದಳು. ಮೂರನೆಯ ಸಲ ನಾನು ಹೇಳುವ ಮೊದಲೇ ಅವಳು ಎಣಿಸತೊಡಗಿದಳು.

ಐದೂವರೆಗೆ, ಪಿಕ್ಕಿಂಗ್ ಮುಗಿಸಿ ಜನ ಲೈನಿಗೆ ಬರುವ ಗದ್ದಲಕ್ಕೆ, ಅಜ್ಜಿ ಕಣ್ಣು ಬಿಟ್ಟರು. ನನ್ನನ್ನು ನೋಡಿ ಆಶ್ಚರ್ಯಪಟ್ಟರು.

"ನೀನ್ಯಾಕೆ ಇನ್ನೂ ಇಲ್ಲೇ ಇದ್ದೀಯೆ? ಕಾಫಿ ಕೊಡೆ ಇವಳಿಗೆ," ಎಂದರು ಮಗಳಿಗೆ. ಆಮೇಲೆ, "ನಂಗೂ ಒಂಚೂರು."

ಅಜ್ಜಿ ಪೂರ್ತಿ ಎಚ್ಚರಾಗುವ ತನಕ ಕಾದು ಮಗಳು ನಾಲ್ಕು ಚಮಚ ಕಾಫಿ ಕೊಟ್ಟಳು. ಹೊಟ್ಟೆಯಲ್ಲಿ ನಿಂತಿತು.

"ನಿಲ್ಲಿಸೋದಾ ಅಜ್ಜಿ?" ಎಂದು ಕೇಳಿದೆ. ಮಾತು ಕೊಟ್ಟಿದ್ದೆನಲ್ಲ.

ಅವರು ಎಡಗಾಲನ್ನು ತಾವೇ ಮೆಲ್ಲಗೆ ಅಲುಗಿಸಿ ನೋಡಿದರು. ಇನ್ನೊಮ್ಮೆ ಅಲುಗಿಸಿದರು.

"ನಾಳಿಕೂ ನೋಡಾನ," ಎಂದರು.

ಆಮೇಲಿನ ಐದು ವಾರದಲ್ಲಿ ಪ್ರಮಾಣವನ್ನು ಒಮ್ಮೆ ಮಾತ್ರ ಸ್ವಲ್ಪ ಹೆಚ್ಚಿಸಿದೆವು. ಎಲ್ಲ ಸುಗಮವಾಗಿ ಆಯಿತೆಂದು ಹೇಳಲಾರೆ. ಮಲಬದ್ಧತೆ ಕಾಡಿತು. ಔಷಧಿಯ ಮಂಪರಿನಲ್ಲಿ, ಇಲ್ಲದ ಬೆಕ್ಕು ಮನೆಯಲ್ಲಿದೆ ಎಂದು ಅಜ್ಜಿ ಎರಡು ದಿನ ಹೇಳುತ್ತಿದ್ದರು. ಅಲುಗಿದಾಗಿನ ನೋವು ಮೂರಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಆದರೂ ಹತ್ತನೆಯ ದಿನ ನಾನು ಹೋದಾಗ ಅಜ್ಜಿ ಎಡಮಗ್ಗುಲಿಗೆ ಹೊರಳಿದ್ದರು. ತಿಂಗಳುಗಳಿಂದ ಗೋಡೆ ನೋಡುತ್ತಿದ್ದವರು ಬಾಗಿಲು ನೋಡುತ್ತಿದ್ದರು. ಬಲಸೊಂಟದ ಕೆಂಪು ಮಾಸುತ್ತ ಬಂದಿತ್ತು. ಮಗಳು ಬಿಸಿನೀರು ಕಾಯಿಸಿ ತಲೆಗೆ ಸ್ನಾನ ಮಾಡಿಸಿದಳು. ಅವತ್ತು ಅಲ್ಲಿ ನನಗೆ ಮಾಡಲು ಕೆಲಸವೇ ಇರಲಿಲ್ಲ.

ನಮ್ಮ ಫಾರಂ ಈಗ ಬದಲಾಗಿದೆ. ನೋವಿಗೆ ಎರಡು ಸಾಲು, ಮಲಗಿದ್ದಾಗ ಒಂದು, ಅಲುಗಿದಾಗ ಒಂದು. ಯಾರ ಎದುರು ಕೇಳಿದ್ದು ಎಂದು ಬರೆಯಲೂ ಜಾಗ ಮಾಡಿದ್ದೇವೆ. ಸಹಕರಿಸುತ್ತಿಲ್ಲ ಎನ್ನುವ ಪದ ನಾನು ಬರೆಯುವುದಿಲ್ಲ. ಯಾರಾದರೂ ನೋವು ಇಲ್ಲ ಎಂದರೆ, 'ಇದೆ ಅಂದರೆ ನಾನು ಏನು ಮಾಡ್ತೀನಿ ಅಂತ ನಿಮಗೆ ಹೆದರಿಕೆ?' ಎಂದು ಮೊದಲು ಕೇಳುತ್ತೇನೆ. ಇದರಿಂದ ಎಲ್ಲರೂ ನಿಜ ಹೇಳುತ್ತಾರೆ ಎಂದೇನೂ ಅಲ್ಲ.

ಅಜ್ಜಿ ಒಂದು ಬುಧವಾರ ಬೆಳಿಗ್ಗೆ, ಮಗಳು ಗಂಜಿ ಆರಿಸುತ್ತಿದ್ದಾಗ ತೀರಿಕೊಂಡರು. ನಾನು ಹೋಗುವ ಹೊತ್ತಿಗೆ ಅಂಗಳದಲ್ಲಿ ಜನ ಸೇರಿದ್ದರು. ಹೆಚ್ಚು ಮಾತಾಡಲು ಆಗಲಿಲ್ಲ.

ಕಾರ್ಯ ಮುಗಿದ ಮೇಲೆ, ಉಳಿದ ಮಾರ್ಫಿನ್ ವಾಪಸು ಪಡೆಯಲು ಮತ್ತೆ ಹೋದೆ. ಅದು ಕಡ್ಡಾಯ, ಒಂದೊಂದು ಮಾತ್ರೆಯನ್ನೂ ರಿಜಿಸ್ಟರಿನಲ್ಲಿ ತೋರಿಸಬೇಕು. ಮಗಳು ತಲೆಗೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಹೊರಡುವವಳಿದ್ದಳು. ಡಬ್ಬಿ ತಂದುಕೊಟ್ಟಳು. ಇಬ್ಬರೂ ಎಣಿಸಿದೆವು. ಅವಳು ಸಹಿ ಹಾಕಿದಳು. ಪೆನ್ನು ವಾಪಸು ಕೊಡುವಾಗ ಹೇಳಿದಳು:

"ಅವತ್ತು ನಾನು ನಿಮ್ಮ ಹತ್ರ ಅಪ್ಪನ ಸೂಜಿ ವಿಷ್ಯ ಹೇಳಿ ಅತ್ತಿದ್ದು ಅವ್ವಂಗೆ ಕೇಳಿಸಿತ್ತಂತೆ ಸಿಸ್ಟರ್. ಅರೆನಿದ್ದೇಲಿ."

ನಾನು ಪೆನ್ನು ತೆಗೆದುಕೊಂಡು ರಿಜಿಸ್ಟರ್ ಮುಚ್ಚಿದೆ.

"ಹೋಗೋ ಎರಡು ದಿನ ಮುಂಚೆ ಅದನ್ನ ಎತ್ತಿದ್ಲು. ತಲೆ ಬಾಚ್ತಿದ್ದೆ ನಾನು. 'ನಿಮ್ಮಪ್ಪಂಗೂ ಕೊನೇ ದಿನ ಇಂಗೇ ಹಗುರಾಗಿತ್ತೇನೋ ಕಣೆ. ನಾನು ಇಲ್ದೇ ಇದ್ದಾಗ ನೀನಾದ್ರೂ ಇದ್ದೆಯಲ್ಲ,' ಅಂದ್ಲು. ಅಷ್ಟೇ. ಆಮೇಲೆ ಜಡೆ ಬಿಗಿಯಾಗಿ ಹಾಕು ಅಂದ್ಲು."

ಹೊರಗಿನಿಂದ ಯಾರೋ ಅವಳನ್ನು ಕೂಗಿದರು. ಬಂದೆ ಎಂದು ಕೂಗಿ, ಬಾಗಿಲು ಎಳೆದುಕೊಂಡು, ಅವಳು ನನ್ನ ಜೊತೆಯಲ್ಲೇ ರಸ್ತೆಯವರೆಗೂ ನಡೆದು ಬಂದಳು.